ನೀರುನಾಯಿ ಇದೆಯೋ ಇಲ್ಲವೋ: ಹೊಳೆಯಂಚಿನ ಗುರುತು ಓದುವ ಬಗೆ

ನೀರುನಾಯಿ ಹುಡುಕಲು ಹೊರಟವರಲ್ಲಿ ಹೆಚ್ಚಿನವರು ದುರ್ಬೀನು ಹಿಡಿದು ನೀರಿನ ಮೇಲೆ ಕಣ್ಣಿಟ್ಟು ಕೂತುಬಿಡುತ್ತಾರೆ. ಅದೃಷ್ಟವಿದ್ದರೆ ಕಾಣುತ್ತದೆ. ಇಲ್ಲದಿದ್ದರೆ ದಿನವಿಡೀ ಕೂತರೂ ನೀರುಕಾಗೆಗಳೇ ಗತಿ. ಆ ಹೊಳೆಯಲ್ಲಿ ನೀರುನಾಯಿ ನೆಲೆಸಿದ್ದರೆ ದಂಡೆಯ ಬಂಡೆ, ಮರಳದಿಣ್ಣೆ, ಮರದ ಬೇರುಗಳ ಮೇಲೆ ತನ್ನ ಗುರುತು ಬಿಟ್ಟೇ ಇರುತ್ತದೆ. ನೋಡಬೇಕಾದದ್ದು ಅಲ್ಲಿ. ಕಾವೇರಿ, ತುಂಗಭದ್ರಾ, ಕಾಳಿಯಂಥ ನದಿಗಳಲ್ಲೂ ಮಲೆನಾಡಿನ ಹಳ್ಳಗಳಲ್ಲೂ ಯಾವ ನೀರುನಾಯಿ ಇದೆ, ಎಷ್ಟು ಹೊತ್ತಿನ ಹಿಂದೆ ಬಂದುಹೋಗಿದೆ, ಇಲ್ಲವೆಂದು ಹೇಳುವುದಾದರೆ ಯಾವ ಧೈರ್ಯದ ಮೇಲೆ ಹೇಳಬೇಕು ಎಂಬುದರ ಕ್ರಮ ಇಲ್ಲಿದೆ.

ಯಾವ ಹೊಳೆಗೆ ಯಾವ ನೀರುನಾಯಿ

ಭಾರತದಲ್ಲಿರುವುದು ಮೂರು ಜಾತಿ. ಕರ್ನಾಟಕದ ದೊಡ್ಡ ನದಿಗಳಲ್ಲಿ ಕಾಣುವುದು ನುಣುಪು ಮೈಯ ನೀರುನಾಯಿ. ವೈಜ್ಞಾನಿಕ ಹೆಸರು ಲುಟ್ರೊಗೇಲ್ ಪರ್ಸ್ಪಿಸಿಲಾಟ. ಬೆಳೆದ ಪ್ರಾಣಿಯ ತೂಕ 7ರಿಂದ 11 ಕಿಲೋ. ಮೂತಿಯಿಂದ ಬಾಲದ ಬುಡದವರೆಗೆ 60ರಿಂದ 75 ಸೆಂಟಿಮೀಟರ್, ಅದರ ಮೇಲೆ ಬಾಲ ಇನ್ನೊಂದು 40 ಸೆಂಟಿಮೀಟರ್ ಆಸುಪಾಸು. ಕೂದಲು ಗಿಡ್ಡ, ಒದ್ದೆಯಾದಾಗ ಮೈಗಂಟಿ ಮಿರುಗುತ್ತದೆ. ಬಾಲ ತುದಿಯತ್ತ ಚಪ್ಪಟೆಯಾಗುತ್ತಾ ಹೋಗುತ್ತದೆ. ಇದು ಕುಟುಂಬ ಕಟ್ಟಿಕೊಂಡು ಓಡಾಡುವ ಪ್ರಾಣಿ: ಒಂದು ಜೋಡಿ, ಆ ವರ್ಷದ ಮರಿಗಳು, ಕೆಲವೊಮ್ಮೆ ಹಿಂದಿನ ವರ್ಷದವೂ. ಊಟವೆಂದರೆ ಬಹುಪಾಲು ಮೀನೇ. ಏಡಿ, ಕಪ್ಪೆ, ಸಿಗಡಿ ಬಾಯಿರುಚಿಗೆ.

ರಂಗನತಿಟ್ಟಿನ ದ್ವೀಪಗಳು, ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ ಸುತ್ತಲಿನ ಕಾವೇರಿ, ಕಬಿನಿ, ಭದ್ರಾ, ದಾಂಡೇಲಿ ಬಳಿಯ ಕಾಳಿ, ಹಂಪಿ–ಕಂಪ್ಲಿ ಭಾಗದ ತುಂಗಭದ್ರಾ, ಇವು ಇದರ ಗೊತ್ತಿರುವ ನೆಲೆಗಳು. ತುಂಗಭದ್ರಾ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿಲೋಮೀಟರ್ ನದಿಯನ್ನು 2015ರಲ್ಲಿ ರಾಜ್ಯ ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಗೋವಾದ ಚೋರಾಂವ್ ದ್ವೀಪದಂಥ ಕಡೆ ಇದೇ ಪ್ರಾಣಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಉಪ್ಪುನೀರಿನಲ್ಲೂ ಸಲೀಸಾಗಿ ಬದುಕುತ್ತದೆ. ಇದರ ವ್ಯಾಪ್ತಿ ಸಿಂಧೂ ಕಣಿವೆಯಿಂದ ಭಾರತ, ಮ್ಯಾನ್ಮಾರ್ ದಾಟಿ ಬೋರ್ನಿಯೊ, ಸುಮಾತ್ರಾವರೆಗೆ ಹಬ್ಬಿದೆ. ಇವೆಲ್ಲದರಿಂದ ಬೇರ್ಪಟ್ಟ ಒಂದು ಗುಂಪು ಇರಾಕಿನ ಜೌಗಿನಲ್ಲಿದೆ. ಬಾಂಗ್ಲಾದೇಶದ ಸುಂದರಬನದ ಕಡೆ ಬೆಸ್ತರು ಇದನ್ನು ಪಳಗಿಸಿ ಬಲೆಯತ್ತ ಮೀನು ಅಟ್ಟಲು ಬಳಸುತ್ತಿದ್ದ ಪದ್ಧತಿಯೂ ಇದೆ.

ಎರಡನೆಯದು ಚಿಕ್ಕ ಉಗುರಿನ ನೀರುನಾಯಿ. ಜಗತ್ತಿನ ನೀರುನಾಯಿಗಳಲ್ಲೇ ಅತಿ ಸಣ್ಣದು. ಸಾಮಾನ್ಯವಾಗಿ 3 ಕಿಲೋ ಆಸುಪಾಸು, 5 ಕಿಲೋ ತೂಗಿದರೆ ಹೆಚ್ಚು. ಹಿಮಾಲಯದ ತಪ್ಪಲು ಮತ್ತು ಈಶಾನ್ಯದಲ್ಲಿ ಒಂದು ಗುಂಪು, ಅಲ್ಲಿಂದ ಸಾವಿರಾರು ಕಿಲೋಮೀಟರ್ ಬಿಟ್ಟು ಪಶ್ಚಿಮ ಘಟ್ಟದಲ್ಲಿ ಇನ್ನೊಂದು. ನಡುವೆ ಸಿಕ್ಕಿರುವ ದಾಖಲೆ ಬಹಳ ಕಡಿಮೆ. ನಮ್ಮಲ್ಲಿ ಕೊಡಗು, ಚಿಕ್ಕಮಗಳೂರು, ಕುದುರೆಮುಖದ ಕಡೆಯ ತಣ್ಣನೆಯ ಕಲ್ಲುಹಳ್ಳಗಳು ಇದರ ಜಾಗ. ಕಾಫಿ ತೋಟದ ನಡುವೆ ಹರಿಯುವ ಹಳ್ಳಕ್ಕೂ ಬರುತ್ತದೆ, ದಂಡೆಯ ಮೇಲೆ ಮರ-ಪೊದೆ ಉಳಿದಿದ್ದರೆ. ಮುಂಗಾಲಿನ ಬೆರಳುಗಳನ್ನು ಕಲ್ಲಿನ ಸಂದಿಗೆ ತೂರಿಸಿ ತಡಕಿ ಏಡಿ ಹಿಡಿಯುವುದು ಇದರ ಕಸುಬು. ಉಗುರು ಬೆರಳಿನ ತುದಿಯನ್ನು ದಾಟುವುದಿಲ್ಲ. ಹೆಜ್ಜೆ ಓದುವಾಗ ಇದೇ ಮುಖ್ಯ ಸುಳಿವು.

ಮೂರನೆಯದು ಯುರೇಷಿಯನ್ ನೀರುನಾಯಿ. ಯುರೋಪಿನಿಂದ ಏಷ್ಯಾದುದ್ದಕ್ಕೂ ಇದ್ದರೂ ದಕ್ಷಿಣ ಭಾರತದಲ್ಲಿ ಸಿಕ್ಕಿರುವ ದಾಖಲೆ ಕೈಬೆರಳೆಣಿಕೆಯಷ್ಟು. ಕರ್ನಾಟಕದಲ್ಲಿ ಇದನ್ನು ಕಂಡೆ ಎನ್ನುವ ಮೊದಲು ಮೂಗಿನ ಸ್ಪಷ್ಟ ಫೋಟೋ ಬೇಕು. ಇದರ ಬೋಳುಮೂಗಿನ ಮೇಲಂಚು ಅಂಕುಡೊಂಕಾಗಿರುತ್ತದೆ. ನುಣುಪು ಮೈಯದರ ಮೇಲಂಚು ಹೆಚ್ಚುಕಡಿಮೆ ನೇರ. ಫೋಟೋ ಇಲ್ಲದೆ, ಬರೀ ಹೆಜ್ಜೆ ನೋಡಿ ಈ ಮೂರನೆಯದರ ಹೆಸರು ಬರೆಯಲೇಬೇಡಿ.

ಅಗಲ ನದಿಗೆ ದೊಡ್ಡದು, ಗುಡ್ಡದ ಹಳ್ಳಕ್ಕೆ ಸಣ್ಣದು ಎಂಬ ಲೆಕ್ಕ ಬಹಳ ಕಡೆ ಸರಿಹೋಗುತ್ತದೆ. ಆದರೆ ಘಟ್ಟದ ಬುಡದಲ್ಲಿ, ಹಳ್ಳ ನದಿಗೆ ಸೇರುವಲ್ಲಿ, ಎರಡೂ ಇರಬಹುದು. ನುಣುಪು ಮೈಯದು ಕಾಲುವೆ, ಗದ್ದೆ, ಕೆರೆಗೂ ನುಗ್ಗುತ್ತದೆ. ಆದ್ದರಿಂದ ಜಾಗ ನೋಡಿ ಜಾತಿ ಹೇಳಬಾರದು. ಗುರುತು ನೋಡಿ ಹೇಳಿ, ಆಮೇಲೆ ಜಾಗದ ಜೊತೆ ತಾಳೆ ನೋಡಿ.

ಯಾವಾಗ ಹೋಗಬೇಕು

ಮಳೆಗಾಲದಲ್ಲಿ ಹೋಗಿ ಪ್ರಯೋಜನವಿಲ್ಲ. ಬಂಡೆಗಳು ಮುಳುಗಿರುತ್ತವೆ, ಒಂದು ಜೋರು ಮಳೆಗೆ ಹಿಕ್ಕೆ ತೊಳೆದುಹೋಗುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಒಳ್ಳೆಯ ಕಾಲ. ಅದರಲ್ಲೂ ಫೆಬ್ರವರಿ, ಮಾರ್ಚ್‌ನಲ್ಲಿ ನೀರು ಇಳಿದು ಬಂಡೆ, ಮರಳು ಎರಡೂ ಬಯಲಾಗುತ್ತವೆ. ಏಪ್ರಿಲ್ ಹೊತ್ತಿಗೆ ಪ್ರಾಣಿಗಳು ಉಳಿದ ಮಡುಗಳ ಸುತ್ತ ಒತ್ತೊತ್ತಾಗಿರುತ್ತವೆ.

ಅಣೆಕಟ್ಟಿನ ಕೆಳಗಿನ ನದಿಯಲ್ಲಿ ತಿಂಗಳಿಗಿಂತ ಮುಖ್ಯವಾದದ್ದು ನೀರು ಬಿಡುವ ವೇಳೆ. ಕೃಷ್ಣರಾಜಸಾಗರದಿಂದ ನಿನ್ನೆ ನೀರು ಬಿಟ್ಟಿದ್ದರೆ ಇಂದು ಕೆಳಗಿನ ಬಂಡೆಗಳು ತೊಳೆದಿಟ್ಟ ತಟ್ಟೆಯ ಹಾಗಿರುತ್ತವೆ. ಅಲ್ಲಿ ಏನೂ ಸಿಗಲಿಲ್ಲವೆಂದು ಬರೆದರೆ ಅದು ನೀರುನಾಯಿಯ ದಾಖಲೆಯಲ್ಲ, ನೀರಾವರಿಯ ದಾಖಲೆ. ನೀರಿನ ಮಟ್ಟ ಕನಿಷ್ಠ ಮೂರು ದಿನ ಏರದೆ ನಿಂತಿರಬೇಕು. ಬಂಡೆಯ ಮೇಲಿನ ಒದ್ದೆ ಗೆರೆ ನೋಡಿದರೆ ಇದು ತಿಳಿಯುತ್ತದೆ: ಈಗಿನ ನೀರಿನಿಂದ ಒಂದಡಿ ಮೇಲಿನ ತನಕ ಕಲ್ಲು ಕಪ್ಪಾಗಿ ಒದ್ದೆಯಿದ್ದರೆ, ಕೆಸರು ಅಂಟಿದ್ದರೆ, ನೀರು ಈಚೆಗೆ ಇಳಿದಿದೆ ಎಂದರ್ಥ. ಆ ಗೆರೆಯ ಕೆಳಗೆ ಹುಡುಕಿ ಸಿಗದಿದ್ದರೆ ಅದಕ್ಕೆ ಬೆಲೆಯಿಲ್ಲ. ಗೆರೆಯ ಮೇಲೆ ಹುಡುಕಿ.

ನೀರು ಬಿಡುವ ವೇಳೆ ನಿಮ್ಮ ಜೀವಕ್ಕೂ ಸಂಬಂಧಿಸಿದ್ದು. ವಿದ್ಯುತ್ ಉತ್ಪಾದನೆಗೆ ನೀರು ಬಿಡುವ ಕಡೆಗಳಲ್ಲಿ ಮಳೆಯೇ ಇಲ್ಲದೆ ಹೊಳೆ ಏರುತ್ತದೆ. ನಡುಬಂಡೆಗೆ ದಾಟಿ ಹೋದವರಿಗೆ ವಾಪಸ್ ಬರಲು ದಾರಿಯಿರುವುದಿಲ್ಲ. ಕಾವೇರಿ, ತುಂಗಭದ್ರಾ, ಕಾಳಿ ಮೂರರಲ್ಲೂ ಮೊಸಳೆಗಳಿವೆ. ಮೊಣಕಾಲು ನೀರಿಗೂ ಇಳಿಯುವ ಅಗತ್ಯ ಈ ಕೆಲಸಕ್ಕಿಲ್ಲ. ಮಲೆನಾಡಿನಲ್ಲಾದರೆ ಬೇಸಿಗೆಯೇ ಮಂಗನ ಕಾಯಿಲೆಯ ಕಾಲವೂ ಹೌದು. ಅದನ್ನು ಹರಡುವ ಉಣುಗು (ಉಣ್ಣೆಹುಳು) ತಡೆಯಲು ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಬಂದ ತಕ್ಷಣ ಬಟ್ಟೆ ಬದಲಿಸಿ ಬಿಸಿನೀರಿನಲ್ಲಿ ನೆನೆಸಿಡಿ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಬರಹದ ಅನುಮತಿ ಬೇಕು. ಹೊರಗಿನ ನದಿಯಾದರೂ ದಂಡೆಯ ತೋಟದವರಿಗೂ ಅಲ್ಲಿ ಬಲೆ ಹಾಕುವ ಬೆಸ್ತರಿಗೂ ಹೇಳಿಯೇ ಹೋಗಿ. ಬೆಸ್ತರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿರುವುದಿಲ್ಲ. ಆದರೆ ‘ಇಲ್ಲಿ ನೀರುನಾಯಿ ಇದೆಯಾ?’ ಎಂದು ಕೇಳಬೇಡಿ, ಹೌದೆಂಬ ಉತ್ತರ ಪುಕ್ಕಟೆ ಸಿಗುತ್ತದೆ. ‘ಬಲೆ ಯಾವ ಕಡೆ ಹೆಚ್ಚು ಹರಿಯುತ್ತದೆ, ಯಾವ ತಿಂಗಳು?’ ಎಂದು ಕೇಳಿ.

ಚೀಲದಲ್ಲಿ ಏನಿರಬೇಕು

15 ಸೆಂಟಿಮೀಟರ್ ಸ್ಕೇಲು, ಅಳತೆ ಟೇಪು, ಜಿಪಿಎಸ್ ಇರುವ ಫೋನು, ಪೆನ್ಸಿಲು ಮತ್ತು ಗಟ್ಟಿ ರಟ್ಟಿನ ಪುಸ್ತಕ (ಪೆನ್ನಿನ ಶಾಯಿ ನೀರಿಗೆ ಹರಡುತ್ತದೆ), ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ರಬ್ಬರ್ ಕೈಗವಸು, ಒಂದು ಕಡ್ಡಿ. ಹಿಡಿತವಿರುವ ಅಟ್ಟೆಯ ಶೂ. ಹಿಕ್ಕೆಯನ್ನು ಬರಿಗೈಯಲ್ಲಿ ಮುಟ್ಟಬಾರದು. ಪರೋಪಜೀವಿಗಳೂ ಇಲಿಜ್ವರದಂಥ ರೋಗಾಣುಗಳೂ ಇರುವ ಸಾಧ್ಯತೆಯಿದೆ. ನಾಯಿಯನ್ನು ಕರೆದೊಯ್ಯಬೇಡಿ. ಅದು ಗುರುತು ಕೆಡಿಸುತ್ತದೆ, ಬಿಲದಲ್ಲಿ ಮರಿಯಿದ್ದರೆ ತಾಯಿ ಜಾಗ ಬಿಡುತ್ತದೆ.

ಎಲ್ಲಿ ಹುಡುಕಬೇಕು

ನೀರುನಾಯಿ ದಂಡೆಯ ಎಲ್ಲ ಕಡೆ ಸಮನಾಗಿ ಹಿಕ್ಕೆ ಹಾಕುವುದಿಲ್ಲ. ಕೆಲವು ಜಾಗಗಳನ್ನು ಆಯ್ದುಕೊಂಡು ಮತ್ತೆ ಮತ್ತೆ ಅಲ್ಲಿಗೇ ಬರುತ್ತದೆ, ಇಡೀ ಗುಂಪು ಅಲ್ಲೇ ಹಾಕುತ್ತದೆ. ಹೀಗೆ ವಾಸನೆ ಬಿಡುವುದು ‘ಇದು ನಮ್ಮ ಜಾಗ’ ಎಂದು ಸಾರುವ ವಿಧಾನ. ಹಾಗಾಗಿ ಎದ್ದುಕಾಣುವ ಜಾಗಗಳನ್ನೇ ಹುಡುಕಿ: ನೀರಿನೊಳಕ್ಕೆ ಚಾಚಿದ ಚಪ್ಪಟೆ ಬಂಡೆ, ಆಳವಾದ ಮಡುವಿನ ಬಾಯಿ, ಹಳ್ಳ ಬಂದು ಸೇರುವ ಸಂಗಮ, ನಡುಗಡ್ಡೆಯ ಮೇಲ್ತುದಿ ಮತ್ತು ಕೆಳತುದಿ, ನೀರಿಗೆ ಬಾಗಿದ ಮತ್ತಿ ಅಥವಾ ನೇರಳೆ ಮರದ ಬೇರುಗಂಟು, ಸೇತುವೆಯ ಕಂಬದ ಬುಡ. ಹೆಚ್ಚಿನವು ನೀರಿನಂಚಿನಿಂದ ಕೆಲವೇ ಮೀಟರಿನೊಳಗೆ ಇರುತ್ತವೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ಹೊಸ ತಾಣಗಳೂ ಕೆಳಗಿಳಿಯುತ್ತವೆ. ಮೇಲಿನ ಬಂಡೆಯಲ್ಲಿ ಬೂದಿಯಂತಾದ ಹಳೆಯ ಹಿಕ್ಕೆ ಮಾತ್ರ ಕಂಡರೆ ನಿರಾಶರಾಗದೆ ಈಗಿನ ನೀರಿನಂಚಿಗೆ ಇಳಿದು ನೋಡಿ.

ನುಣುಪು ಮೈಯದರ ಇನ್ನೊಂದು ಗುರುತು ಹೊರಳಾಟದ ಜಾಗ. ನೀರಿನಿಂದ ಬಂದ ಗುಂಪು ಮೈ ಒಣಗಿಸಿಕೊಳ್ಳಲು ಮರಳಿನಲ್ಲಿ, ಹುಲ್ಲಿನಲ್ಲಿ ಹೊರಳುತ್ತದೆ. ಮರಳು ಅಲ್ಲಲ್ಲಿ ಗುಂಡಿ ಬಿದ್ದು, ಕೆದರಿ, ಮಧ್ಯೆ ಹಿಕ್ಕೆಯ ಗುಪ್ಪೆಗಳಿರುತ್ತವೆ. ನೀರಿನಿಂದ ಅಲ್ಲಿಗೆ ಜಾರಿದಂತೆ ಒಂದು ಓಣಿ ಬಿದ್ದಿರುತ್ತದೆ. ಕಾಡುಹಂದಿ ಹೊರಳಿದ ಜಾಗ ಕೆಸರಿನಲ್ಲಿರುತ್ತದೆ, ಗೊರಸಿನ ಗುರುತಿರುತ್ತದೆ.

ಬಿಲವನ್ನು ಹುಡುಕಲು ಹೋಗಬೇಡಿ. ಬಂಡೆಯ ಸಂದಿ, ಬೇರಿನಡಿಯ ಪೊಟರೆ, ದಟ್ಟ ಆಪು ಹುಲ್ಲಿನ ಒಳಗೆ ಅದು ಮರಿ ಹಾಕುತ್ತದೆ. ಗರ್ಭ ಎರಡು ತಿಂಗಳಿನಷ್ಟು, ಒಂದು ಸೂಲಿಗೆ ಸಾಮಾನ್ಯವಾಗಿ ಎರಡರಿಂದ ಐದು ಮರಿ, ಹುಟ್ಟಿದಾಗ ಕಣ್ಣು ಮುಚ್ಚಿರುತ್ತದೆ, ಈಜಲು ಎರಡು ತಿಂಗಳು ಬೇಕು. ಆ ಎರಡು ತಿಂಗಳಲ್ಲಿ ಬಿಲದ ಬಾಯಿಗೆ ಮನುಷ್ಯರು ಹೋದರೆ ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಸಾಗಿಸಬೇಕಾಗುತ್ತದೆ. ಬಿಲವೆಂಬ ಅನುಮಾನ ಬಂದ ಕೂಡಲೇ ಹಿಂದೆ ಸರಿಯಿರಿ. ಜಾಗ ಗುರುತಿಸಿಕೊಂಡರೆ ಸಾಕು, ಇಣುಕಬೇಕಿಲ್ಲ.

ಹಿಕ್ಕೆ ಓದುವುದು

ಇಡೀ ಕೆಲಸದ ಜೀವಾಳ ಇದು, ಹೆಚ್ಚು ತಪ್ಪಾಗುವುದೂ ಇಲ್ಲೇ.

ಹೊಸ ಹಿಕ್ಕೆ ಕಪ್ಪು ಅಥವಾ ಹಸಿರುಗಪ್ಪು, ಲೋಳೆಯಿಂದ ಹೊಳೆಯುತ್ತದೆ. ನಾಯಿಯ ಹೇಲಿನಂತೆ ಗಟ್ಟಿ ಉಂಡೆಯಲ್ಲ. ಆಕಾರವಿಲ್ಲದ ಸಡಿಲ ಗುಪ್ಪೆ. ಅರ್ಧ ಅಡಿ ದೂರದಿಂದ ಮೂಸಿದರೆ ಮೀನಿನ ನಾತದ ಜೊತೆ ಕಸ್ತೂರಿಯಂಥ ಒಂದು ಗಾಢ ವಾಸನೆ. ಅಸಹ್ಯ ಹುಟ್ಟಿಸುವ ನಾತವಾದರೆ ಅದು ನೀರುನಾಯಿಯದಲ್ಲವೆಂದು ಅನುಮಾನಿಸಿ. ಬಿಸಿಲಿಗೆ ಒಂದೆರಡು ದಿನದಲ್ಲಿ ಮೇಲ್ಮೈ ಒಣಗಿ ಬೂದುಬಣ್ಣಕ್ಕೆ ತಿರುಗುತ್ತದೆ, ಒಳಗೆ ಹಸಿ ಉಳಿದಿರುತ್ತದೆ. ಆಮೇಲೆ ಅಂಟು ಹೋಗಿ, ಮುಟ್ಟಿದರೆ ಉದುರುವ ಚಿಪ್ಪು-ಮುಳ್ಳುಗಳ ರಾಶಿಯಾಗುತ್ತದೆ. ನೆರಳಿನ ಬಂಡೆಯಡಿಯಲ್ಲಿ ಇದೇ ಬದಲಾವಣೆಗೆ ವಾರಗಳು ಹಿಡಿಯುತ್ತವೆ. ಆದ್ದರಿಂದ ‘ಎರಡು ದಿನ ಹಳೆಯದು’ ಎಂದು ಬರೆಯಬೇಡಿ; ಹಸಿ, ಅರೆ ಒಣಗಿದ್ದು, ಒಣಗಿ ಉದುರುವುದು ಎಂಬ ಮೂರೇ ದರ್ಜೆ ಸಾಕು, ಜೊತೆಗೆ ಬಿಸಿಲೋ ನೆರಳೋ ಎಂದು ಬರೆಯಿರಿ.

ಈಗ ಕಡ್ಡಿಯಿಂದ ಒಂದು ಗುಪ್ಪೆಯನ್ನು ನಿಧಾನವಾಗಿ ಬಿಡಿಸಿ, ಮಸೂರದಡಿ ನೋಡಿ. ನುಣುಪು ಮೈಯದರಲ್ಲಿ ಮೀನಿನ ಚಿಪ್ಪು ಮತ್ತು ಬೆನ್ನೆಲುಬಿನ ಗುಂಡು ಮಣಿಗಳು ತುಂಬಿರುತ್ತವೆ. ಕಾವೇರಿಯಲ್ಲಿ ಜಿಲೇಬಿ ಮೀನು (ತಿಲಾಪಿಯ) ಹೇರಳವಾಗಿರುವುದರಿಂದ ಅದರ ಚಿಪ್ಪು ಆಗಾಗ ಸಿಗುತ್ತದೆ: ಬೆರಳುಗುರಿನಷ್ಟಗಲ. ಗೆಂಡೆ ಜಾತಿಯ ಮೀನಿನ ಚಿಪ್ಪೂ ಸಿಗಬಹುದು, ಅದರ ಅಂಚು ನುಣುಪು. ಚಿಪ್ಪೇ ಇಲ್ಲದೆ ಗಟ್ಟಿಯಾದ, ಹಿಂಬದಿಗೆ ಗರಗಸದ ಹಲ್ಲಿರುವ ಮುಳ್ಳುಗಳು ಸಿಕ್ಕರೆ ಅದು ಮೀಸೆಮೀನು ತಿಂದ ದಿನ. ‘ಚಿಪ್ಪಿಲ್ಲ, ಆದ್ದರಿಂದ ಮೀನಿಲ್ಲ’ ಎಂದು ಬರೆದುಬಿಡುವವರು ಇಲ್ಲೇ ಎಡವುವುದು.

ಚಿಕ್ಕ ಉಗುರಿನದರ ಹಿಕ್ಕೆ ಬೇರೆಯೇ ಬಣ್ಣ. ಏಡಿ ಚಿಪ್ಪಿನ ಕೆಂಪು, ಕಿತ್ತಳೆ, ಬಿಳಿ ಚೂರುಗಳು ಒತ್ತಾಗಿರುತ್ತವೆ, ನಡುನಡುವೆ ಬಸವನಹುಳದ ಮುಚ್ಚಳ, ಜಲಕೀಟದ ರೆಕ್ಕೆ. ಬಂಡೆಗೆ ಸವರಿದಂತೆ, ತುಳಿದು ಹರಡಿದಂತೆಯೂ ಇರುತ್ತದೆ. ಆದರೆ ಏಡಿ ಚೂರು ಕಂಡ ಮಾತ್ರಕ್ಕೆ ಇದೇ ಎನ್ನುವಂತಿಲ್ಲ. ಮಲೆನಾಡಿನ ಹಳ್ಳದಲ್ಲಿ ಏಡಿ ತಿನ್ನುವವರ ಪಟ್ಟಿ ದೊಡ್ಡದು. ಪಟ್ಟೆ ಕತ್ತಿನ ಮುಂಗುಸಿ ತಿನ್ನುತ್ತದೆ. ಅದರ ಹಿಕ್ಕೆ ಒಂಟಿಯಾಗಿ, ಉರುಟು ತುಂಡಾಗಿ, ಇಲಿಯ ಕೂದಲೂ ಹುಳುವಿನ ಚೂರೂ ಬೆರೆತಿರುತ್ತದೆ, ಒಂದೇ ಬಂಡೆಯಲ್ಲಿ ಹಳೆಯದು-ಹೊಸದು ರಾಶಿಯಾಗುವುದು ಅಪರೂಪ. ಕಂದು ಮೀನುಗೂಬೆಯೂ ತಿಂದು ಅದೇ ಬಂಡೆಯ ಮೇಲೆ ಕೂತು ಉಂಡೆ ಕಕ್ಕುತ್ತದೆ. ಬಂಡೆಯ ಪಕ್ಕೆಗೆ ಸುಣ್ಣ ಚೆಲ್ಲಿದಂತೆ ಬಿಳಿ ಪಿಷ್ಟೆ ಹರಿದಿದ್ದರೆ ಹಕ್ಕಿಯದೆಂದೇ ತಿಳಿಯಿರಿ. ನೀರುಕಾಗೆ ಕಕ್ಕಿದ ಉಂಡೆಯಲ್ಲೂ ಮೀನಿನ ಮುಳ್ಳು ಲೋಳೆ ಸುತ್ತಿಕೊಂಡಿರುತ್ತದೆ, ಆದರೆ ಅದು ಮೇಲಿನ ಕೊಂಬೆಯಿಂದ ಬಿದ್ದದ್ದು. ತಲೆಯೆತ್ತಿ ನೋಡಿದರೆ ಕೊಂಬೆಯೇ ಬೆಳ್ಳಗಿರುತ್ತದೆ. ಮೊಸಳೆಯದು ಒಣಗಿದಾಗ ಸೀಮೆಸುಣ್ಣದಂತೆ ಬಿಳಿ, ಅದರಲ್ಲಿ ಮುಳ್ಳು-ಚಿಪ್ಪು ಸಾಮಾನ್ಯವಾಗಿ ಉಳಿದಿರುವುದಿಲ್ಲ. ಕಾಫಿ ಬೀಜ, ಬಗನಿ ಬೀಜ ತುಂಬಿದ್ದರೆ ಅದು ಮರಬೆಕ್ಕು.

ದಂಡೆಯಲ್ಲಿ ಬಿದ್ದಿರುವ ಅರ್ಧ ತಿಂದ ಮೀನು, ಏಡಿಯ ಕೊಂಡಿಗಳನ್ನು ಸಾಕ್ಷಿಯಾಗಿ ಎಣಿಸಬೇಡಿ. ಹಕ್ಕಿ, ಬೆಕ್ಕು, ಮೀನುಗಾರರು ಎಲ್ಲರೂ ಹಾಗೆ ಬಿಟ್ಟುಹೋಗುತ್ತಾರೆ.

ನೋಡಿ ಮುಗಿದ ಮೇಲೆ ಅಲ್ಲೇ ಬಿಡಿ. ಹಿಕ್ಕೆ ಸಂಗ್ರಹಿಸಿ ಮನೆಗೋ ಪ್ರಯೋಗಾಲಯಕ್ಕೋ ಒಯ್ಯಲು ಇಲಾಖೆಯ ಪ್ರತ್ಯೇಕ ಅನುಮತಿ ಬೇಕು. ತಾಣವನ್ನು ಪೂರ್ತಿ ಕೆದಕಿದರೆ ಮುಂದಿನ ಸಲ ಹಳೆಯದು ಯಾವುದು, ಹೊಸದು ಯಾವುದು ಎಂದು ನಿಮಗೇ ತಿಳಿಯುವುದಿಲ್ಲ.

ಹೆಜ್ಜೆ ಅಳೆಯುವುದು

ನೀರುನಾಯಿಗೆ ಮುಂಗಾಲು, ಹಿಂಗಾಲು ಎರಡರಲ್ಲೂ ಐದೈದು ಬೆರಳು. ನಾಯಿ, ನರಿ, ಕಾಡುಬೆಕ್ಕು ನಾಲ್ಕೇ ಬೆರಳು ಮೂಡಿಸುತ್ತವೆ. ಇಲ್ಲೊಂದು ಮೋಸವಿದೆ: ಗಟ್ಟಿ ನೆಲದಲ್ಲಿ ನೀರುನಾಯಿಯ ಒಳಬದಿಯ ಸಣ್ಣ ಬೆರಳು ಒತ್ತದೆ ಹೋಗಿ ನಾಲ್ಕೇ ಕಾಣುತ್ತದೆ. ಆಗ ಆಕಾರ ನೋಡಿ. ನಾಯಿಯ ಹೆಜ್ಜೆಯ ನಡುವೆ ಉದ್ದಗೆರೆ ಎಳೆದರೆ ಎಡ-ಬಲ ಒಂದಕ್ಕೊಂದು ಹೊಂದುತ್ತವೆ. ನೀರುನಾಯಿಯದು ಒಂದು ಬದಿಗೆ ವಾಲಿದಂತೆ, ಬೆರಳುಗಳು ಕಮಾನಿನಂತೆ ಹರಡಿಕೊಂಡಂತೆ ಇರುತ್ತವೆ. ಹಸಿ ಕೆಸರಿನಲ್ಲಾದರೆ ಬೆರಳ ನಡುವಿನ ಚರ್ಮದ ಅಂಚೂ ಮೂಡುತ್ತದೆ. ಮುಂಗುಸಿಗೂ ಐದು ಬೆರಳೇ, ಆದರೆ ಹೆಜ್ಜೆ ತೀರಾ ಸಣ್ಣದು, ಚರ್ಮದ ಗುರುತಿಲ್ಲ.

ಅಳೆಯುವುದು ಅಗಲವನ್ನು, ಉದ್ದವನ್ನಲ್ಲ. ಜಾರಿದಾಗ ಉದ್ದ ಹಿಗ್ಗುತ್ತದೆ. ಹೊರಬೆರಳಿನ ಹೊರಅಂಚಿನಿಂದ ಒಳಬೆರಳಿನ ಹೊರಅಂಚಿಗೆ, ಹೆಜ್ಜೆಯ ತಳದಲ್ಲಿ ಅಳೆಯಿರಿ, ಕುಸಿದ ಬಾಯಿಯಲ್ಲಿ ಅಲ್ಲ. ಬೆಳೆದ ನುಣುಪು ಮೈಯದರ ಹಿಂಗಾಲಿನ ಹೆಜ್ಜೆ 6 ಸೆಂಟಿಮೀಟರಿಗಿಂತ ಅಗಲ, ಬೆರಳ ಮುಂದೆ ಉಗುರಿನ ಚುಕ್ಕೆ ಸ್ಪಷ್ಟ. ಚಿಕ್ಕ ಉಗುರಿನದರದು 5 ಸೆಂಟಿಮೀಟರಿಗಿಂತ ಕಡಿಮೆ, ಉಗುರಿನ ಗುರುತಿಲ್ಲ, ಬೆರಳುಗಳು ನೀಳ. ನಡುವಿನ ಅಳತೆ ಬಂದರೆ ಜಾತಿ ಬರೆಯದೆ ‘ನೀರುನಾಯಿ’ ಎಂದಷ್ಟೇ ಬರೆದು ಬಿಡಿ: ಅದು ನುಣುಪು ಮೈಯದರ ಮರಿಯೂ ಆಗಿರಬಹುದು. ಒಣ ಮರಳಿನಲ್ಲಿ ಹೆಜ್ಜೆ ಕುಸಿದು ಒಂದೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ. ಆ ಅಳತೆ ಲೆಕ್ಕಕ್ಕಿಲ್ಲ. ನೀರಿನಂಚಿನ ಹಸಿ ಮೆಕ್ಕಲಿನಲ್ಲಿ, ಒಂದೇ ಸಾಲಿನ ಮೂರಾದರೂ ಹೆಜ್ಜೆ ಅಳೆದು ಮೂರನ್ನೂ ಬರೆಯಿರಿ.

ಫೋಟೋ ನೇರ ಮೇಲಿನಿಂದ ತೆಗೆಯಬೇಕು, ಸ್ಕೇಲು ಹೆಜ್ಜೆಯ ಪಕ್ಕದಲ್ಲಿ ನೆಲಕ್ಕೆ ಸಮವಾಗಿರಬೇಕು. ಓರೆಯಾಗಿ ತೆಗೆದ ಫೋಟೋದಿಂದ ಅಳತೆ ಹೊರಡುವುದಿಲ್ಲ. ನಡುಮಧ್ಯಾಹ್ನ ನೆರಳಿಲ್ಲದೆ ಹೆಜ್ಜೆ ಚಪ್ಪಟೆಯಾಗಿ ಕಾಣುತ್ತದೆ; ಬೆಳಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಓರೆ ಬೆಳಕಿನಲ್ಲಿ ಚೆನ್ನ. ಮಧ್ಯಾಹ್ನವೇ ತೆಗೆಯಬೇಕಾದರೆ ಛತ್ರಿ ಅಡ್ಡ ಹಿಡಿದು, ಇನ್ನೊಂದು ಫೋನಿನ ಟಾರ್ಚನ್ನು ನೆಲಮಟ್ಟದಿಂದ ಬಿಡಿ.

600 ಮೀಟರ್ ನಡಿಗೆ

ಯುರೋಪಿನ ನೀರುನಾಯಿ ಸಮೀಕ್ಷೆಗಳಲ್ಲಿ ಬೇರೂರಿದ ಅಳತೆ 600 ಮೀಟರ್ ದಂಡೆ. ನಮ್ಮಲ್ಲೂ ಅದು ಹೊಂದುತ್ತದೆ; ಬಂಡೆಗಾಡು ನದಿಯಲ್ಲಿ ಇದಕ್ಕೇ ಒಂದು ಗಂಟೆ ಮೀರುತ್ತದೆ. ನಕ್ಷೆಯಲ್ಲಿ ನದಿಯುದ್ದಕ್ಕೂ ಸುಮಾರು 5 ಕಿಲೋಮೀಟರಿಗೊಂದರಂತೆ ಆರಂಭದ ಬಿಂದು ಮೊದಲೇ ಗುರುತಿಸಿ. ಸ್ಥಳಕ್ಕೆ ಹೋದ ಮೇಲೆ ‘ಇಲ್ಲಿ ಬಂಡೆ ಚೆನ್ನಾಗಿದೆ’ ಎಂದು ಬಿಂದು ಸರಿಸಿದರೆ ಇಡೀ ಲೆಕ್ಕ ವಾಲುತ್ತದೆ. ಸೇತುವೆಯ ಬುಡದಲ್ಲೇ ಎಲ್ಲ ಬಿಂದು ಇಟ್ಟರೂ ಅಷ್ಟೆ, ಜನ ಹೆಚ್ಚಿರುವ ಜಾಗವನ್ನಷ್ಟೇ ಅಳೆದಂತಾಗುತ್ತದೆ.

ಇಬ್ಬರು ಹೋಗಿ. ಒಬ್ಬರು ನೀರಿನಂಚಿನಲ್ಲಿ, ಇನ್ನೊಬ್ಬರು ಐದಾರು ಮೀಟರ್ ಮೇಲೆ. ಪ್ರತಿ ತಾಣಕ್ಕೂ ಜಿಪಿಎಸ್ ಬಿಂದು, ನೆಲದ ಬಗೆ, ನೀರಿನಿಂದ ದೂರ, ನೀರಿನಿಂದ ಎತ್ತರ, ಹಿಕ್ಕೆಯ ದರ್ಜೆ, ಒಳಗಿದ್ದದ್ದು ಮೀನೋ ಏಡಿಯೋ. ಜೊತೆಗೆ ಮನುಷ್ಯರ ಗುರುತುಗಳೂ: ಬಲೆ, ಮರಳು ತೆಗೆದ ಗುಂಡಿ, ಪಂಪ್‌ಸೆಟ್, ಸಿಡಿಮದ್ದು ಹಾಕಿ ಮೀನು ಹಿಡಿದ ಕುರುಹು. ನೀರುನಾಯಿ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಬಹಳ ಸಲ ಈ ಕೊನೆಯ ಕಾಲಮಿನಲ್ಲೇ ಇರುತ್ತದೆ. ಮರಳು ಹೋದರೆ ಹೊರಳಲು ಜಾಗವಿಲ್ಲ, ಸಿಡಿಮದ್ದು ಬಿದ್ದ ಮಡುವಿನಲ್ಲಿ ಮರಿಮೀನೂ ಉಳಿಯುವುದಿಲ್ಲ.

ಒಂದು ಸಲ ಹೋಗಿ ಸಿಗದಿದ್ದರೆ ‘ಇಲ್ಲ’ ಎನ್ನಲಾಗದು. ಪ್ರಾಣಿ ಇರುವ ದಂಡೆಯಲ್ಲೂ ಒಂದು ಭೇಟಿಯಲ್ಲಿ ಗುರುತು ಸಿಗುವ ಸಾಧ್ಯತೆ ಅರ್ಧಕ್ಕರ್ಧ ಎಂದಿಟ್ಟುಕೊಳ್ಳಿ. ಆಗ ಒಂದೇ ಭೇಟಿಯಲ್ಲಿ ತಪ್ಪಿಹೋಗುವ ಸಂಭವ 50 ಶೇಕಡಾ, ಎರಡರಲ್ಲೂ ತಪ್ಪುವುದು 25, ಮೂರರಲ್ಲೂ ತಪ್ಪುವುದು 12.5. ಹಾಗಾಗಿ ಒಂದೇ ಋತುವಿನಲ್ಲಿ ಕನಿಷ್ಠ ಮೂರು ಭೇಟಿ. ಸಿಗದ ದಿನದ ಹಾಳೆಯನ್ನೂ ಪೂರ್ತಿ ತುಂಬಿ. ಖಾಲಿ ಬಿಟ್ಟರೆ ನೀವು ಹೋಗಿಯೇ ಇರಲಿಲ್ಲ ಎಂದಾಗುತ್ತದೆ.

ಗುಪ್ಪೆ ಎಣಿಸಿ ಪ್ರಾಣಿ ಎಣಿಸುವ ಆಸೆ ಬರುತ್ತದೆ. ಬೇಡ. ಒಂದೇ ಗುಂಪು ಒಂದು ರಾತ್ರಿಯಲ್ಲಿ ಮೂರು ಬಂಡೆಗಳನ್ನು ತುಂಬಿಸಬಹುದು. ಸಂಖ್ಯೆ ಬರೆಯುವುದಾದರೆ ಕಣ್ಣಿಗೆ ಒಟ್ಟಿಗೆ ಬಿದ್ದ ತಲೆಗಳ ಸಂಖ್ಯೆ ಮಾತ್ರ.

ಕ್ಯಾಮೆರಾ ಇಡುವುದಾದರೆ

ಹಿಕ್ಕೆಯಿಂದ ಜಾತಿ ತೀರ್ಮಾನವಾಗದಿದ್ದಾಗ ಮಾತ್ರ, ಅನುಮತಿ ಪಡೆದು ಕ್ಯಾಮೆರಾ ಟ್ರ್ಯಾಪ್ ಇಡಿ. ಇದರಲ್ಲಿ ಒಂದು ತಾಂತ್ರಿಕ ತೊಡಕಿದೆ. ಈ ಕ್ಯಾಮೆರಾಗಳು ಹಿನ್ನೆಲೆಗಿಂತ ಬಿಸಿಯಾದ ಮೈ ಚಲಿಸಿದಾಗ ಚಾಲೂ ಆಗುತ್ತವೆ. ನೀರಿನಿಂದ ಆಗಷ್ಟೇ ಎದ್ದ ನೀರುನಾಯಿಯ ದಟ್ಟ ಒಳಕೂದಲು ಮೈಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಹೊರಮೈ ನೀರಿನಷ್ಟೇ ತಣ್ಣಗಿರುತ್ತದೆ. ಕ್ಯಾಮೆರಾ ಎದುರೇ ಹಾದುಹೋದರೂ ದಾಖಲಾಗುವುದಿಲ್ಲ. ಪರಿಹಾರ: ನೀರಿನಂಚಿಗೆ ಗುರಿಯಿಡದೆ, ಪ್ರಾಣಿ ಕೆಲವು ನಿಮಿಷ ನಿಲ್ಲುವ ಹೊರಳಾಟದ ಜಾಗ ಅಥವಾ ಹಿಕ್ಕೆ ಬಂಡೆಗೆ ಇಡಿ. ನೆಲದಿಂದ 30–40 ಸೆಂಟಿಮೀಟರ್ ಎತ್ತರ, ಎರಡರಿಂದ ಮೂರು ಮೀಟರ್ ದೂರ, ಸೂಕ್ಷ್ಮತೆ ಗರಿಷ್ಠ, ಫೋಟೋ ಬದಲು 20–30 ಸೆಕೆಂಡಿನ ವಿಡಿಯೊ. ಪ್ರಾಣಿ ಎಡದಿಂದ ಬಲಕ್ಕೆ ಅಡ್ಡ ಹಾಯುವಂತಿರಲಿ. ನೇರ ಎದುರು ಬಂದರೆ ಸಂವೇದಕ ತಡವಾಗಿ ಎಚ್ಚರಗೊಳ್ಳುತ್ತದೆ.

ಲೆನ್ಸು ಉತ್ತರಕ್ಕೆ ಮುಖ ಮಾಡಿರಲಿ, ಚೌಕಟ್ಟಿನಲ್ಲಿ ಹರಿಯುವ ನೀರು ಬೇಡ. ಬಿಸಿಲು ಬಿದ್ದ ಅಲೆ, ಕಾದ ಆಪು ಹುಲ್ಲಿನ ಅಲುಗಾಟಕ್ಕೆ ಒಂದೇ ಮಧ್ಯಾಹ್ನದಲ್ಲಿ ಕಾರ್ಡು ತುಂಬಿಹೋಗುತ್ತದೆ. ಚೌಕಟ್ಟಿನೊಳಗಿನ ಹುಲ್ಲು ಸವರಿ, ಆದರೆ ಹೊರಗಿನ ಮರೆ ಕೆಡಿಸಬೇಡಿ. ಹೋದ ಪ್ರವಾಹದ ಕಸ ಸಿಕ್ಕಿಕೊಂಡಿರುವ ಕೊಂಬೆಯ ಎತ್ತರ ನೋಡಿ, ನೀರು ಅಲ್ಲಿಯ ತನಕ ಬರಬಲ್ಲದು ಎಂಬುದನ್ನು ಮರೆಯದೆ ಮುನ್ಸೂಚನೆ ಸಿಕ್ಕಾಗ ಕಳಚಿಕೊಳ್ಳಿ. ದಂಡೆಗೆ ಬಟ್ಟೆ ಒಗೆಯಲು, ಸ್ನಾನಕ್ಕೆ ಬರುವ ಜನರಿದ್ದರೆ ಅಲ್ಲಿ ಕ್ಯಾಮೆರಾ ಇಡಲೇಬಾರದು.

ಕಣ್ಣಿಗೆ ಬಿದ್ದರೆ

ಬೆಳಗಿನ ಮೊದಲ ಎರಡು ಗಂಟೆ, ಸಂಜೆಯ ಕೊನೆಯ ಎರಡು ಗಂಟೆ ನುಣುಪು ಮೈಯದು ಚುರುಕು. ಈಜುವಾಗ ತಲೆಯ ಹಿಂದೆ ಬೆನ್ನಿನ ಸ್ವಲ್ಪ ಭಾಗವೂ ಕಾಣುತ್ತದೆ, ಮುಳುಗುವಾಗ ಬೆನ್ನು ಬಿಲ್ಲಾಗಿ ಬಾಲ ಮೇಲೆದ್ದು ಮರೆಯಾಗುತ್ತದೆ. ಹಾವಕ್ಕಿಯಾದರೆ ಕತ್ತು ನೆಟ್ಟಗೆ. ಮೊಸಳೆ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಗುಂಪು ಸಾಲಾಗಿ ಹರಡಿ ಮೀನನ್ನು ದಂಡೆಯತ್ತ ಅಟ್ಟುವುದೂ ಉಂಟು. ಕಡೇಪಕ್ಷ 50 ಮೀಟರ್ ದೂರದಲ್ಲಿ, ಗಾಳಿ ಅವುಗಳಿಂದ ನಿಮ್ಮ ಕಡೆ ಬೀಸುವಂತೆ ಕೂತಿರಿ. ಎಲ್ಲವೂ ಒಟ್ಟಿಗೆ ಕತ್ತೆತ್ತಿ ನಿಮ್ಮನ್ನೇ ನೋಡುತ್ತಾ ಗೊರಗುಟ್ಟಿದರೆ ನೀವು ಹತ್ತಿರವಾದಿರಿ ಎಂದರ್ಥ.

ಒಂಟಿ ಮರಿ ಸಿಕ್ಕರೆ ಎತ್ತಿಕೊಳ್ಳಬೇಡಿ; ತಾಯಿ ಜಾಗ ಬದಲಿಸುತ್ತಿರಬಹುದು. ದೂರ ಸರಿದು ಗಮನಿಸಿ, ಗಾಯವಾಗಿದ್ದರೆ ಅಥವಾ ಬಲೆಗೆ ಸಿಕ್ಕಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಸಾಕುವ ಮಾತೇ ಇಲ್ಲ. ಮೂರೂ ಜಾತಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಮುದ್ದು ವಿಡಿಯೊಗಳಿಂದ ಬೆಳೆದ ಸಾಕುಪ್ರಾಣಿ ವ್ಯಾಪಾರವೂ ತುಪ್ಪಳಿನ ಕಳ್ಳಸಾಗಣೆಯೂ ಎಷ್ಟಿತ್ತೆಂದರೆ 2019ರಲ್ಲಿ ನುಣುಪು ಮೈಯ ಮತ್ತು ಚಿಕ್ಕ ಉಗುರಿನ ಎರಡನ್ನೂ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಒಂದನೇ ಪಟ್ಟಿಗೆ ಏರಿಸಿ ಅಂತರರಾಷ್ಟ್ರೀಯ ವ್ಯಾಪಾರ ನಿಲ್ಲಿಸಬೇಕಾಯಿತು.

ದಾಖಲೆಯನ್ನು ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ, ಜನರೇ ಜೀವಿಗಳ ದಾಖಲೆ ಹಂಚುವ ಜಾಲತಾಣಕ್ಕೆ ಹಾಕುವಾಗ ಹೆಜ್ಜೆ, ಹಿಕ್ಕೆ, ಸುತ್ತಲಿನ ಜಾಗ ಮೂರರ ಫೋಟೋವನ್ನೂ ಒಂದೇ ದಾಖಲೆಯಡಿ ಸೇರಿಸಿ, ಸ್ಥಳವನ್ನು ಮಸುಕಾಗಿಸುವ ಆಯ್ಕೆ ಒತ್ತಿ. ವಾಟ್ಸ್‌ಆ್ಯಪ್‌ಗೆ ‘ಡಾಕ್ಯುಮೆಂಟ್’ ಆಗಿ ಕಳಿಸಿದ ಮೂಲ ಫೋಟೋದಲ್ಲಿ ಜಿಪಿಎಸ್ ಅಂಕಿ ಹಾಗೇ ಉಳಿದಿರುತ್ತದೆ. ಹಂಚುವ ಮೊದಲು ಅದನ್ನು ಅಳಿಸಿ. ಬಿಲದ ಜಾಗವನ್ನಂತೂ ಎಲ್ಲಿಯೂ ಹಾಕದೆ, ಆ ವಲಯದ ಅರಣ್ಯಾಧಿಕಾರಿಗೆ ಮಾತ್ರ ತಿಳಿಸಿ.